ಬಾಯಿ ತುಂಬುವ ಕಾಫಿ ಮಾಡುವುದು ಹೇಗೆ

ಕಾಫಿ ತೆಳುವಾಯಿತು ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ ಕೆಲಸ. ಇನ್ನೊಂದು ಚಮಚ ಪುಡಿ. ಮರುದಿನ ಕಾಫಿ ಕಹಿಯಾಗುತ್ತದೆ, ಕಹಿ ಹೋಗಲಿ ಅಂತ ಸಕ್ಕರೆ ಜಾಸ್ತಿ ಬೀಳುತ್ತದೆ, ಆದರೂ ಗುಟುಕು ನುಂಗಿದ ಮೇಲೆ ಬಾಯಲ್ಲಿ ಏನೂ ಉಳಿಯುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ಪುಡಿ ಒಳ್ಳೆಯದೇ ಇರುತ್ತದೆ. ಹಾಲು ಹಟ್ಟಿಯದ್ದೇ. ಆದರೂ ಕಾಫಿ ನೀರು ನೀರು.

ಕಾಫಿಯ ರುಚಿ ಬೇರೆ, ಅದು ಬಾಯಿಗೆ ಸಿಗುವ ರೀತಿ ಬೇರೆ. ಕಹಿ, ಹುಳಿ, ಸಿಹಿ ಇವೆಲ್ಲ ರುಚಿ. ನಾಲಿಗೆಯ ಮೇಲೆ ಭಾರ ಇದೆಯೇ, ನುಣುಪು ಇದೆಯೇ, ಮರಳು ಮರಳಾಗಿದೆಯೇ, ನುಂಗಿದ ಮೇಲೆ ಬಾಯಿ ಒಣಗುತ್ತದೆಯೇ, ಇದೆಲ್ಲ ಸ್ಪರ್ಶಕ್ಕೆ ಸೇರಿದ್ದು. ಕಾಫಿ ಕಸುಬಿನವರು ಇದರಲ್ಲಿ ಭಾರದ ಭಾಗಕ್ಕೆ ಬಾಡಿ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಸ್ಟ್ರಾಂಗ್ ಕಾಫಿಗೆ ಬಾಡಿ ಇರಲೇಬೇಕು ಅಂತಿಲ್ಲ. ತುಂಬಾ ಕಹಿಯಾದ, ನಿದ್ದೆ ಹಾರಿಸುವ ಕಾಫಿಯೂ ಬಾಯಲ್ಲಿ ನೀರಿನ ಹಾಗೆ ಹರಿದು ಹೋಗಬಹುದು. ಕಹಿಯೇ ಇಲ್ಲದ ಮೆದು ಕಾಫಿಯೂ ನಾಲಿಗೆ ತುಂಬಾ ಕೂರಬಹುದು. ಇದೊಂದು ತಲೆಗೆ ಹೋದರೆ ಉಳಿದದ್ದು ಸುಲಭ.

ಬಾಯಿಗೆ ಸಿಗುವುದು ಏನು?

ಒಂದು, ನೀರಿಗೆ ಕರಗಿದ ಅಂಶ. ಹುರಿದ ಕಾಫಿಬೀಜದ ತೂಕದಲ್ಲಿ ಹೆಚ್ಚೆಂದರೆ ಶೇ. 30ರಷ್ಟು ನೀರಿಗೆ ಕರಗುತ್ತದೆ. ಅಷ್ಟನ್ನೂ ಎಳೆಯಲು ಹೋಗಬಾರದು. ಶೇ. 18ರಿಂದ 22ರವರೆಗೆ ಬಂದದ್ದು ಹದ ಅಂತ ಕಾಫಿ ಕಸುಬಿನಲ್ಲಿ ಹೇಳುತ್ತಾರೆ, ಅದರಾಚೆ ಬರುವುದರಲ್ಲಿ ಕಹಿ ಮತ್ತು ಚೊಗರೇ ಜಾಸ್ತಿ. ಕರಗಿದ್ದರಲ್ಲಿ ಸಕ್ಕರೆಯದೇ ಜಾತಿಯ ಉದ್ದುದ್ದ ಸರಪಣಿಗಳಿವೆ, ಹುರಿಯುವಾಗ ಹುಟ್ಟಿದ ಕಂದು ಬಣ್ಣದ ಅಂಶಗಳಿವೆ. ಇವು ನೀರನ್ನು ಸ್ವಲ್ಪ ದಪ್ಪ ಮಾಡುತ್ತವೆ. ಕಾಗದದ ಫಿಲ್ಟರಿನಲ್ಲಿ ಇಳಿಸಿದ ಕಾಫಿಯಲ್ಲಿ ಕರಗಿದ್ದು ಶೇ. 1.2ರಿಂದ 1.4ರಷ್ಟು ಮಾತ್ರ, ಮಿಕ್ಕಿದ್ದೆಲ್ಲ ನೀರು. ಯಂತ್ರದ ಒತ್ತಡದಲ್ಲಿ ಇಳಿಸುವ ಎಸ್ಪ್ರೆಸ್ಸೊದಲ್ಲಿ ಅದು ಶೇ. 8ರಿಂದ 12. ಎಸ್ಪ್ರೆಸ್ಸೊ ಬಾಯಲ್ಲಿ ಅಷ್ಟು ದಪ್ಪ ಅನ್ನಿಸುವುದಕ್ಕೆ ಇದು ದೊಡ್ಡ ಕಾರಣ.

ಎರಡು, ಎಣ್ಣೆ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಅಂತ ಎರಡು ಮುಖ್ಯ ಜಾತಿ. ಅರೇಬಿಕಾ ಬೀಜದಲ್ಲಿ ಸುಮಾರು ಶೇ. 15, ರೊಬಸ್ಟಾದಲ್ಲಿ ಸುಮಾರು ಶೇ. 10 ಎಣ್ಣೆ ಇರುತ್ತದೆ. ನುಣುಪು, ನುಂಗಿದ ಮೇಲೂ ಉಳಿಯುವ ಪಸೆ, ಇದು ಎಣ್ಣೆಯ ಕೆಲಸ. ಕಾಗದ ಈ ಎಣ್ಣೆಯನ್ನು ಹೆಚ್ಚುಕಡಿಮೆ ಪೂರ್ತಿ ಹಿಡಿದಿಡುತ್ತದೆ. ನಮ್ಮ ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರಿನ ತೂತುಗಳಲ್ಲಿ ಅದು ಇಳಿದು ಬರುತ್ತದೆ.

ಮೂರು, ಧೂಳಿನಷ್ಟು ನುಣ್ಣಗಿನ ಪುಡಿ. ಇದು ಕರಗುವುದಿಲ್ಲ, ತೇಲುತ್ತಿರುತ್ತದೆ. ಸ್ವಲ್ಪ ಇದ್ದರೆ ಕಾಫಿಗೆ ತೂಕ ಬರುತ್ತದೆ. ಜಾಸ್ತಿಯಾದರೆ ಲೋಟದ ತಳದಲ್ಲಿ ಮಡ್ಡಿ, ನಾಲಿಗೆಯಲ್ಲಿ ಮರಳು.

ಈ ಮೂರೂ ಸರಿಯಿದ್ದರೂ ಹದ ಕೆಡಿಸುವಂಥದ್ದು ಇನ್ನೊಂದಿದೆ, ಚೊಗರು. ಗೇರುಹಣ್ಣು ಕಚ್ಚಿದಾಗ ಗಂಟಲು ಹಿಡಿಯುತ್ತದಲ್ವಾ, ಕಾಫಿಯ ಚೊಗರೂ ಅದೇ ಜಾತಿಯದ್ದು. ಇದು ಕಹಿಯಲ್ಲ. ಬಾಯಿ ಜಾರುವ ಹಾಗೆ ಇಟ್ಟಿರುವುದು ಜೊಲ್ಲಿನಲ್ಲಿರುವ ಪ್ರೋಟೀನ್. ಕಾಫಿಯಲ್ಲಿರುವ ಕೆಲವು ಅಂಶಗಳು ಆ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ, ಆಗ ಜಾರುವ ಗುಣ ಹೋಗಿ ನಾಲಿಗೆ ದೊರಗಾಗುತ್ತದೆ. ಕಹಿಯನ್ನು ಸಕ್ಕರೆ ಮುಚ್ಚುತ್ತದೆ, ಚೊಗರನ್ನು ಅಷ್ಟಾಗಿ ಮುಚ್ಚುವುದಿಲ್ಲ. ಹಾಗಾಗಿ ಎಷ್ಟು ಸಕ್ಕರೆ ಹಾಕಿದರೂ ಕಾಫಿ ಸರಿ ಹೋಗುತ್ತಿಲ್ಲ ಅಂದರೆ ನಿಮ್ಮ ತಕರಾರು ಕಹಿಯದ್ದಲ್ಲ ಅಂತ ತಿಳಿಯಿರಿ.

ಮೊದಲು ನಾಲಿಗೆ ಪಳಗಲಿ

ಪುಡಿ ಬದಲಿಸುವ ಮೊದಲು ಇದನ್ನೊಂದು ಮಾಡಿ ನೋಡಿ. ಮೂರು ಲೋಟದಲ್ಲಿ ಉಗುರು ಬೆಚ್ಚಗಿನ ನೀರು, ಟೋನ್ಡ್ ಹಾಲು, ಫುಲ್ ಕ್ರೀಮ್ ಹಾಲು ತೆಗೆದುಕೊಳ್ಳಿ, ಮೂರೂ ಒಂದೇ ಬಿಸಿಯಲ್ಲಿರಲಿ. ಒಂದೊಂದೇ ಗುಟುಕು ಬಾಯಲ್ಲಿಟ್ಟು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಂದೆ ಮುಂದೆ ಆಡಿಸಿ. ರುಚಿ ಏನು ಅಂತ ಯೋಚಿಸಬೇಡಿ, ಭಾರ ಎಷ್ಟು ಅಂತ ಮಾತ್ರ ನೋಡಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಫುಲ್ ಕ್ರೀಮಿನಲ್ಲಿ ಶೇ. 6. ಈ ವ್ಯತ್ಯಾಸ ಬಾಯಿಗೆ ಗೊತ್ತಾದರೆ ಕಾಫಿಯದ್ದೂ ಗೊತ್ತಾಗುತ್ತದೆ.

ಆಮೇಲೆ ಡಿಕಾಕ್ಷನ್. ಹಾಲು, ಸಕ್ಕರೆ ಏನೂ ಬೇಡ. ಎರಡು ಲೋಟ ತೆಗೆದುಕೊಂಡು ಒಂದಕ್ಕೆ 20 ಮಿಲಿ ಡಿಕಾಕ್ಷನ್, ಇನ್ನೊಂದಕ್ಕೆ 40 ಮಿಲಿ ಹಾಕಿ, ಎರಡಕ್ಕೂ 100 ಮಿಲಿ ಬಿಸಿನೀರು ಸೇರಿಸಿ. ಎರಡನೆಯದು ಬರೀ ಕಹಿಯಾಗಿ ಕಂಡು ಭಾರ ಹೆಚ್ಚೇನೂ ಅನ್ನಿಸದಿದ್ದರೆ ಕೊರತೆ ಇರುವುದು ಪ್ರಮಾಣದಲ್ಲಿ ಅಲ್ಲ. ಬೀಜದಲ್ಲಿ, ಬೀಸಿದ ರೀತಿಯಲ್ಲಿ ಅಥವಾ ಇಳಿಸಿದ ರೀತಿಯಲ್ಲಿ ಇದೆ. ಕಹಿಯೊಂದಿಗೆ ಭಾರವೂ ಏರಿದರೆ ನಿಮ್ಮ ಪುಡಿ ಚೆನ್ನಾಗಿಯೇ ಇದೆ, ನೀವು ಹಾಲೋ ನೀರೋ ಜಾಸ್ತಿ ಬೆರೆಸುತ್ತಿದ್ದೀರಿ.

ಕುದಿಕುದಿ ಬಿಸಿಯಲ್ಲಿ ಪರೀಕ್ಷೆ ಮಾಡಬೇಡಿ. ನಾಲಿಗೆ ಸುಡುವಾಗ ಅದಕ್ಕೆ ಬೇರೇನೂ ತಿಳಿಯುವುದಿಲ್ಲ, ಅಲ್ಲದೆ ಯಾವ ದ್ರವವಾದರೂ ಬಿಸಿ ಜಾಸ್ತಿಯಾದಷ್ಟು ತೆಳುವಾಗಿ ಹರಿಯುತ್ತದೆ. 55-60 ಡಿಗ್ರಿಗೆ ಇಳಿದಾಗ ಸವಿಯಿರಿ. ನುಂಗಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ನೆ ಇರಿ. ಪಸೆ ಉಳಿಯಿತೇ, ಒಣಗಿತೇ, ಏನೂ ಇಲ್ಲದೆ ಮಾಯವಾಯಿತೇ, ಈ ಮೂರರಲ್ಲಿ ಯಾವುದು ಅಂತ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಬೀಜ, ಹುರಿ, ಚಿಕೋರಿ

ನಮಗೆ ಪುಡಿ ಬರುವುದು ಎರಡು ದಿಕ್ಕಿನಿಂದ. ಪುತ್ತೂರು, ಸುಳ್ಯದ ಅಂಗಡಿಗಳಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರಿನ ಬೀಜ ಸಿಗುತ್ತದೆ, ಕಾಸರಗೋಡು ಪೇಟೆಯಲ್ಲಿ ವಯನಾಡಿನದ್ದೂ ಸಿಗುತ್ತದೆ. ವಯನಾಡಿನದ್ದು ಹೆಚ್ಚಾಗಿ ರೊಬಸ್ಟಾ, ಅದಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಪುಡಿ ಕೊಳ್ಳುವಾಗ ಅರೇಬಿಕಾ ಎಷ್ಟು ರೊಬಸ್ಟಾ ಎಷ್ಟು ಅಂತ ಕೇಳುವವರಿದ್ದಾರೆ. ಪಾರ್ಚ್‌ಮೆಂಟೋ ಚೆರಿಯೋ ಅಂತ ಕೇಳುವವರು ಕಡಿಮೆ. ಬಾಡಿಯ ವಿಷಯಕ್ಕೆ ಅದನ್ನೂ ಕೇಳಲೇಬೇಕು. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಅದರ ರುಚಿ ಸ್ವಚ್ಛ, ಹುಳಿ ಎದ್ದು ಕಾಣುತ್ತದೆ, ಬಾಡಿ ಸ್ವಲ್ಪ ಹಗುರ. ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರಿ, ಹುಳಿ ಕಡಿಮೆ, ಬಾಯಿಗೆ ಭಾರ. ರೊಬಸ್ಟಾ ಯಾವ ರೀತಿಯದ್ದಾದರೂ ಅರೇಬಿಕಾಕ್ಕಿಂತ ಭಾರವೇ, ಆದರೆ ಚೊಗರಿನ ಅಂಶಗಳು ಅದರಲ್ಲಿ ಜಾಸ್ತಿ, ಕೆಫೀನ್ ಸುಮಾರು ಎರಡು ಪಟ್ಟು. ಕಳಪೆ ರೊಬಸ್ಟಾ ಚೆರಿ ಹಾಕಿದ ಪುಡಿಯಲ್ಲಿ ಭಾರದ ಜೊತೆಗೆ ಬಾಯಿ ಒಣಗುವುದು ಇದರಿಂದಲೇ. ರೊಬಸ್ಟಾ ಪಾರ್ಚ್‌ಮೆಂಟ್ ಸಿಕ್ಕಿದರೆ ಎರಡು ಕಾಸು ಜಾಸ್ತಿ ಕೊಟ್ಟಾದರೂ ತನ್ನಿ. ಭಾರ ಉಳಿಯುತ್ತದೆ, ದೊರಗು ಕಡಿಮೆಯಾಗುತ್ತದೆ. ಹಾಲಿನ ಕಾಫಿಗೆ ಅರೇಬಿಕಾ ಚೆರಿ 60, ರೊಬಸ್ಟಾ ಪಾರ್ಚ್‌ಮೆಂಟ್ 40, ನಾನು ಯಾರು ಕೇಳಿದರೂ ಹೇಳುವುದು ಇದನ್ನೇ.

ಮಾನ್ಸೂನ್ಡ್ ಮಲಬಾರ್ ಅಂತ ಒಂದಿದೆ, ನಮ್ಮ ಪಕ್ಕದ ಮಂಗಳೂರಿನಲ್ಲೇ ತಯಾರಾಗುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಚೆರಿ ಬೀಜವನ್ನು ಗೋದಾಮಿನಲ್ಲಿ ಹರಡಿ ಕಡಲ ಕಡೆಯ ತೇವದ ಗಾಳಿಗೆ ಬಿಡುತ್ತಾರೆ. ಬೀಜ ಉಬ್ಬಿ, ಬಿಳಿಚಿಕೊಂಡು, ಹುಳಿ ಪೂರ್ತಿ ಇಳಿದು ಹೋಗುತ್ತದೆ. ಹಿಂದೆ ಹಾಯಿ ಹಡಗಿನಲ್ಲಿ ಯುರೋಪಿಗೆ ಹೋಗುವಾಗ ತಿಂಗಳುಗಟ್ಟಲೆ ತೇವದಲ್ಲಿದ್ದು ಬೀಜಕ್ಕೆ ಈ ಗುಣ ಬರುತ್ತಿತ್ತು. ಹಡಗು ವೇಗವಾದ ಮೇಲೆ ಅದೇ ಗುಣ ಬೇಕೆಂದು ಕರಾವಳಿಯಲ್ಲೇ ಹೀಗೆ ಮಾಡತೊಡಗಿದರು. ಬಾಡಿ ಅಂದರೇನು ಅಂತ ಒಮ್ಮೆ ಬಾಯಿಗೆ ಗೊತ್ತಾಗಬೇಕಾದರೆ 100 ಗ್ರಾಂ ತಂದು ಹಾಲಿಲ್ಲದೆ ಕುಡಿದು ನೋಡಿ.

ಹುರಿ ಮಧ್ಯಮಕ್ಕಿಂತ ಸ್ವಲ್ಪ ಕಪ್ಪಗಿರಲಿ. ತೀರಾ ಎಳೆ ಹುರಿಯಲ್ಲಿ ಹುಳಿ ಜಾಸ್ತಿ, ಭಾರ ಕಡಿಮೆ. ತೀರಾ ಕರಿ ಹುರಿದರೆ ಕರಟಿದ ಕಹಿಯೊಂದೇ ಉಳಿಯುತ್ತದೆ, ಬಾಡಿಯೂ ಇಳಿಯುತ್ತದೆ.

ಚಿಕೋರಿಯ ಬಗ್ಗೆ ಎರಡು ಗುಂಪಿನವರು ಜಗಳ ಆಡುತ್ತಲೇ ಇರುತ್ತಾರೆ. ನಾನು ಬೇಡ ಅನ್ನುವವನಲ್ಲ, ಆದರೆ ಅದು ಏನು ಮಾಡುತ್ತದೆ ಅಂತ ತಿಳಿದು ಹಾಕಬೇಕು. ಹುರಿದ ಚಿಕೋರಿ ಬೇರಿನ ಅರ್ಧಕ್ಕಿಂತ ಜಾಸ್ತಿ ಭಾಗ ನೀರಿಗೆ ಕರಗುತ್ತದೆ. ಹಾಗಾಗಿ ಡಿಕಾಕ್ಷನ್ ಕಪ್ಪಾಗುತ್ತದೆ, ದಪ್ಪವಾಗುತ್ತದೆ, ಸ್ವಲ್ಪ ಸಿಹಿಯೂ ಬರುತ್ತದೆ. ಕಾಫಿಯ ಎಣ್ಣೆ ಮಾತ್ರ ಅದರಲ್ಲಿಲ್ಲ. ಶೇ. 40 ಚಿಕೋರಿಯ ಕಾಫಿ ಬಾಯಿಗೆ ಬಂದಾಗ ದಪ್ಪ, ನುಂಗಿದ ಮೇಲೆ ಖಾಲಿ ಅನ್ನಿಸುವುದು ಅದಕ್ಕೇ. ಮಿಶ್ರಣದಲ್ಲಿ ಚಿಕೋರಿ ಶೇ. 49ರವರೆಗೆ ಇರಬಹುದು ಅಂತ ಕಾನೂನೇ ಇದೆ, ಎಷ್ಟಿದೆ ಅಂತ ಪೊಟ್ಟಣದ ಮೇಲೆ ಬರೆದಿರಬೇಕು, ಓದಿ ನೋಡಿ. ನಮ್ಮ ಮನೆಯಲ್ಲಿ ಅಪ್ಪನಿಗೆ ಚಿಕೋರಿ ಇಲ್ಲದ ಕಾಫಿ ಕಾಫಿಯೇ ಅಲ್ಲ, ಹಾಗಾಗಿ ಶೇ. 15-20ಕ್ಕೆ ನಿಲ್ಲಿಸಿದ್ದೇವೆ. ಅಷ್ಟರಲ್ಲಿ ಚಿಕೋರಿಯ ದಪ್ಪವೂ ಸಿಗುತ್ತದೆ, ಕಾಫಿಯ ಪಸೆಯೂ ಉಳಿಯುತ್ತದೆ.

ಆಟಿಯ ಮಳೆಯಲ್ಲಿ ಪುಡಿ ತಂದು ಡಬ್ಬಿ ತುಂಬಾ ಇಡಬೇಡಿ. ತೇವ ಹಿಡಿದು ಉಂಡೆಯಾದ ಪುಡಿಯಲ್ಲಿ ನೀರು ಸಮನಾಗಿ ಇಳಿಯುವುದೇ ಇಲ್ಲ, ಎಣ್ಣೆಗೂ ಕಮಟು ವಾಸನೆ ಬರುತ್ತದೆ. ಮಳೆಗಾಲಕ್ಕೆ 100-200 ಗ್ರಾಂ ಪೊಟ್ಟಣ ಸಾಕು, ಗಾಳಿ ಹೋಗದ ಡಬ್ಬಿ, ಒಣ ಚಮಚ.

ಬೀಸುವುದು

ಬಾಡಿ ಹೆಚ್ಚಿಸಲು ಖರ್ಚಿಲ್ಲದ ದಾರಿ ಇದೊಂದೇ. ಪುಡಿ ನುಣ್ಣಗಾದಷ್ಟು ಬೇಗ ಕರಗುತ್ತದೆ, ಎಣ್ಣೆಯೂ ಧೂಳೂ ಜಾಸ್ತಿ ಬರುತ್ತದೆ. ಒಂದು ಹಂತದ ನಂತರ ಮಾತ್ರ ಉಲ್ಟಾ, ನೀರು ಇಳಿಯದೆ ಫಿಲ್ಟರ್ ಕಟ್ಟುತ್ತದೆ, ಅರ್ಧ ಪುಡಿ ಅತಿಯಾಗಿ ನೆನೆದು ಚೊಗರು ಬಿಡುತ್ತದೆ. ನಮ್ಮ ಫಿಲ್ಟರಿಗೆ ಪುಡಿ ಬೆರಳಲ್ಲಿ ಉಜ್ಜಿದರೆ ನುಣ್ಣನೆ ರವೆಗಿಂತ ಸಣ್ಣಗಿರಬೇಕು, ಮೈದಾದಷ್ಟು ನುಣುಪು ಬೇಡ.

ಮನೆಯಲ್ಲಿ ಮಿಕ್ಸಿಯಲ್ಲಿ ಪುಡಿ ಮಾಡುವವರಿಗೆ ಒಂದು ತೊಂದರೆ. ಅದರಲ್ಲಿ ಅರ್ಧ ಧೂಳು, ಅರ್ಧ ನುಚ್ಚು. ಧೂಳು ಬೇಗ ಚೊಗರು ಬಿಡುತ್ತದೆ, ನುಚ್ಚು ಒಳಗಿನದ್ದನ್ನು ಬಿಡುವುದೇ ಇಲ್ಲ. ಹಾಗಾಗಿ ಕಾಫಿ ತೆಳುವೂ ಹೌದು, ಬಾಯಿ ಒಣಗುವುದೂ ಹೌದು. ಮಿಕ್ಸಿಯನ್ನು ಒಮ್ಮೆಲೇ ಓಡಿಸದೆ ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸಿ, ಜಾರನ್ನು ಅಲುಗಾಡಿಸಿ ಮತ್ತೆ ತಿರುಗಿಸಿ. ಆಮೇಲೆ ಚಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ಮೇಲೆ ಉಳಿದ ನುಚ್ಚನ್ನು ಮಾತ್ರ ಮತ್ತೊಮ್ಮೆ ಬೀಸಿ. ಇಷ್ಟು ಮಾಡಿದರೆ ಕಾಫಿ ಬೇರೆಯೇ ಆಗುತ್ತದೆ. ಅಂಗಡಿಯ ಯಂತ್ರದಲ್ಲಿ ಬೀಸಿಸುವುದಾದರೆ ಫಿಲ್ಟರಿಗೆ ಅಂತ ಬಾಯಿಬಿಟ್ಟು ಹೇಳಿ.

ಫಿಲ್ಟರಿನಲ್ಲಿ ಇಳಿಸುವ ಕ್ರಮ

ಮೂರು ಲೋಟಕ್ಕೆ ಲೆಕ್ಕ ಹೇಳುತ್ತೇನೆ. ಪುಡಿ 30 ಗ್ರಾಂ, ನೀರು 150 ಮಿಲಿ. ಪುಡಿ ತನ್ನ ತೂಕದ ಎರಡು ಪಟ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೆಳಗೆ ಸಿಗುವುದು ಸುಮಾರು 90 ಮಿಲಿ. ಚಿಕೋರಿ ಇದ್ದರೆ ಇನ್ನೂ ಸ್ವಲ್ಪ ಕಡಿಮೆ. ಚಮಚದ ಲೆಕ್ಕ ನಂಬಬೇಡಿ, ಹುರಿ ಮತ್ತು ಬೀಸು ಬದಲಾದಂತೆ ಒಂದೇ ಚಮಚದಲ್ಲಿ ಬೇರೆ ಬೇರೆ ತೂಕ ಬರುತ್ತದೆ. ಅಡುಗೆ ತಕ್ಕಡಿ ಇದ್ದರೆ ಒಳ್ಳೆಯದು.

ಫಿಲ್ಟರ್ ಪೂರ್ತಿ ಒಣಗಿರಲಿ, ಬಿಸಿನೀರಿನ ಹಬೆಗೆ ಒಮ್ಮೆ ಹಿಡಿದು ಒರೆಸಿಕೊಂಡರೆ ಮತ್ತೂ ಒಳ್ಳೆಯದು, ತಣ್ಣಗಿನ ಲೋಹ ನೀರಿನ ಬಿಸಿಯನ್ನು ತಿಂದುಬಿಡುತ್ತದೆ. ಪುಡಿ ಹಾಕಿ ಬದಿಗೆ ಎರಡು ಸಲ ತಟ್ಟಿ ಮಟ್ಟ ಮಾಡಿ. ಒಳಗಿನ ಛತ್ರಿ ತಟ್ಟೆಯನ್ನು ಮೇಲೆ ಸುಮ್ನೆ ಇಡಿ, ತುಂಬಾ ಜನ ಇಲ್ಲಿ ಬಲ ಹಾಕಿ ಒತ್ತುತ್ತಾರೆ, ಅದು ಬೇಡ. ನೀರು ಕುದಿದ ಮೇಲೆ ಅರ್ಧ ನಿಮಿಷ ಬಿಟ್ಟರೆ 95 ಡಿಗ್ರಿಯ ಹತ್ತಿರ ಬರುತ್ತದೆ. ಅದರಲ್ಲಿ ಮೊದಲು 30-40 ಮಿಲಿ ಮಾತ್ರ ಸುತ್ತಲೂ ಹೊಯ್ದು ಒಂದು ನಿಮಿಷ ಕಾಯಿರಿ. ಹೊಸದಾಗಿ ಹುರಿದ ಪುಡಿಯಲ್ಲಿ ಗಾಳಿ ತುಂಬಿರುತ್ತದೆ, ಅದು ಗುಳ್ಳೆಯಾಗಿ ಹೊರಗೆ ಹೋಗಬೇಕು, ಇಲ್ಲದಿದ್ದರೆ ನೀರು ಎಲ್ಲ ಪುಡಿಯನ್ನೂ ಮುಟ್ಟದೆ ಒಂದೇ ಕಡೆ ದಾರಿ ಮಾಡಿಕೊಂಡು ಇಳಿದುಬಿಡುತ್ತದೆ. ತೆಳು ಕಾಫಿಗೆ ನಾನು ಕಂಡ ಮುಖ್ಯ ಕಾರಣವೇ ಇದು. ಆಮೇಲೆ ಉಳಿದ ನೀರು ಹಾಕಿ ಮುಚ್ಚಿ.

15ರಿಂದ 20 ನಿಮಿಷದಲ್ಲಿ ಇಳಿದರೆ ಹದ. ಐದು ನಿಮಿಷಕ್ಕೇ ಇಳಿದರೆ ಪುಡಿ ದಪ್ಪ ಅಥವಾ ಕಡಿಮೆ. ಅರ್ಧ ಗಂಟೆಯಾದರೂ ತೊಟ್ಟಿಕ್ಕುತ್ತಿದ್ದರೆ ಪುಡಿ ತೀರಾ ನುಣ್ಣಗಾಗಿದೆ, ಒತ್ತಿದ್ದೀರಿ, ಇಲ್ಲವೇ ತೂತುಗಳು ಕಟ್ಟಿವೆ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ.

ಎರಡನೇ ಡಿಕಾಕ್ಷನ್ ತೆಗೆಯುವ ಅಭ್ಯಾಸ ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೆ. ಬೇಡ ಅಂದರೆ ಯಾರೂ ಕೇಳುವುದಿಲ್ಲ, ಆದರೆ ಅದನ್ನು ಮೊದಲನೆಯದಕ್ಕೆ ಬೆರೆಸಬೇಡಿ. ದಪ್ಪ ಕೊಡುವುದೆಲ್ಲ ಮೊದಲ ಸಲವೇ ಇಳಿದಿರುತ್ತದೆ. ಎರಡನೆಯದರಲ್ಲಿ ಉಳಿದಿರುವುದು ಹೆಚ್ಚಾಗಿ ಚೊಗರು. ಒಳ್ಳೆಯ ಡಿಕಾಕ್ಷನಿಗೆ ಅದು ಸೇರಿದರೆ ಎರಡೂ ಕೆಟ್ಟ ಹಾಗೆ. ಡಿಕಾಕ್ಷನನ್ನು ಒಲೆಯ ಮೇಲೆ ಕುದಿಸುವುದೂ ಬೇಡ, ತಣ್ಣಗಾಗಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿಟ್ಟು ಬೆಚ್ಚಗೆ ಮಾಡಿಕೊಳ್ಳಿ.

ನೀರು

ಇದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ನೀರು ಎರಡು ಮೈಲಿಗೆ ಬದಲಾಗುತ್ತದೆ. ಬಾಯಾರಿನಂಥ ಗುಡ್ಡದ ಊರುಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರು ಕುಡಿಯುವವರು ಇನ್ನೂ ಇದ್ದಾರೆ. ಆ ನೀರು ತುಂಬಾ ಮೆದು, ಖನಿಜ ಕಡಿಮೆ, ಸ್ವಲ್ಪ ಹುಳಿ ಗುಣ. ಕುಡಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಕಾಫಿಗೆ ಮಾತ್ರ ಅದರಲ್ಲಿ ಹುಳಿ ಎದ್ದು ಕಾಣುತ್ತದೆ, ಭಾರ ಕಡಿಮೆ ಅನ್ನಿಸುತ್ತದೆ. ಆರ್‌ಒ ಯಂತ್ರದ ನೀರಿಗೂ ಇದೇ ತೊಂದರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸ್ವಲ್ಪ ಇದ್ದರೆ ಕಾಫಿಯ ಅಂಶ ಚೆನ್ನಾಗಿ ಬಿಡುತ್ತದೆ, ಸೋಡಾದ ಜಾತಿಯ ಕ್ಷಾರ ಸ್ವಲ್ಪ ಇದ್ದರೆ ಹುಳಿ ತಗ್ಗುತ್ತದೆ. ಅದೇ ಕ್ಷಾರ ಜಾಸ್ತಿಯಾದ ಬೋರ್‌ವೆಲ್ ನೀರಿನಲ್ಲಿ ಕಾಫಿ ಮಂಕಾಗಿ ಸಪ್ಪೆಯಾಗುತ್ತದೆ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯಲ್ಲಿ ಬೇಸಿಗೆಗೆ ಉಪ್ಪು ಸೇರುವ ಬಾವಿ ಇದ್ದರೆ ಆ ನೀರು ಕಾಫಿಗೆ ಬೇಡವೇ ಬೇಡ.

ಸ್ಪೆಷಾಲ್ಟಿ ಕಾಫಿಯವರು ಹೇಳುವ ಲೆಕ್ಕ ಹೀಗಿದೆ. ಗಡಸುತನ ಲೀಟರಿಗೆ 50ರಿಂದ 175 ಮಿಲಿಗ್ರಾಂ, ಕ್ಷಾರಗುಣ ಸುಮಾರು 40. ಸುರಂಗದ ಅಥವಾ ಆರ್‌ಒ ನೀರಿನವರು ಇದನ್ನು ಮಾಡಿ ನೋಡಬಹುದು. 1 ಗ್ರಾಂ ಅಡುಗೆ ಸೋಡಾವನ್ನು 100 ಮಿಲಿ ನೀರಿನಲ್ಲಿ ಕರಗಿಸಿ, ಅದರಿಂದ ಒಂದು ಸಣ್ಣ ಚಮಚ, ಅಂದರೆ 5 ಮಿಲಿ ಮಾತ್ರ, 1 ಲೀಟರ್ ನೀರಿಗೆ ಸೇರಿಸಿ. ಕ್ಷಾರಗುಣ ಸುಮಾರು 30 ಏರುತ್ತದೆ. ಹುಳಿಯ ಮೊನೆ ಹೋಗಿ ಕಾಫಿ ದುಂಡಗಾಗುತ್ತದೆ. ಸೋಡಾವನ್ನು ಕೈಯಲ್ಲಿ ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ಸಾಬೂನಿನ ರುಚಿ ಬರುತ್ತದೆ, ಅಳತೆ ಬಿಡಬೇಡಿ. ಇದು ಬೇಡ ಅನ್ನುವವರು ಅಕ್ಕಪಕ್ಕದ ಎರಡು ಬಾವಿಯ ನೀರು ತಂದು ಒಂದೇ ಪುಡಿಯಲ್ಲಿ ಎರಡು ಡಿಕಾಕ್ಷನ್ ಇಳಿಸಿ ನೋಡಿ, ನೀರು ಎಷ್ಟು ದೊಡ್ಡ ಸಂಗತಿ ಅಂತ ಆಗ ನಂಬಿಕೆ ಬರುತ್ತದೆ.

ಹಾಲು, ಸಕ್ಕರೆ, ಬೆಲ್ಲ

ಹಾಲು ಹಾಕಿದ ಮೇಲೆ ಬಾಯಿಗೆ ಸಿಗುವುದರಲ್ಲಿ ದೊಡ್ಡ ಪಾಲು ಹಾಲಿನದ್ದೇ. ಕೊಬ್ಬು ನುಣುಪು ಕೊಡುತ್ತದೆ. ಹಾಲಿನ ಪ್ರೋಟೀನು ಇನ್ನೊಂದು ಉಪಕಾರ ಮಾಡುತ್ತದೆ. ಜೊಲ್ಲಿಗೆ ಅಂಟಬೇಕಾದ ಚೊಗರು ಹಾಲಿಗೇ ಅಂಟಿಕೊಳ್ಳುತ್ತದೆ, ಬಾಯಿ ಒಣಗುವುದು ತಪ್ಪುತ್ತದೆ. ಚೊಗರಿನ ರೊಬಸ್ಟಾ ಹಾಲಿನ ಕಾಫಿಯಲ್ಲಿ ಒಪ್ಪುವುದು ಹೀಗೆ. ಕಟ್ಟನ್, ಅಂದರೆ ಹಾಲಿಲ್ಲದ ಕಾಫಿ ಕುಡಿಯುವವರಿಗೆ ಅದೇ ಪುಡಿ ಒಪ್ಪುವುದಿಲ್ಲ.

ಹಟ್ಟಿಯ ಹಾಲಾದರೆ ನೀರು ಬೆರೆಸದೆ, ಪೊಟ್ಟಣದ್ದಾದರೆ ಫುಲ್ ಕ್ರೀಮ್ ಅಥವಾ ಶೇ. 4.5 ಕೊಬ್ಬಿನ ಸ್ಟ್ಯಾಂಡರ್ಡೈಸ್ಡ್ ಹಾಲು. ಒಮ್ಮೆ ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಮೂರು ನಾಲ್ಕು ನಿಮಿಷ ಇಡಿ, ಸ್ವಲ್ಪ ನೀರು ಆರಿ ಹಾಲು ದಪ್ಪವಾಗುತ್ತದೆ. ಕೈಯಾಡಿಸದಿದ್ದರೆ ಕೆನೆ ಕಟ್ಟಿ, ಇರಬೇಕಾದ ಕೊಬ್ಬು ಮೇಲೆ ಹೋಗಿ ಕೂರುತ್ತದೆ. 30 ಮಿಲಿ ಡಿಕಾಕ್ಷನಿಗೆ 90 ಮಿಲಿ ಹಾಲು. ಬಾಡಿ ಬೇಕು ಅಂತ ಹಾಲು ಜಾಸ್ತಿ ಮಾಡುತ್ತಾ ಹೋದರೆ ಕೊನೆಗೆ ಕುಡಿಯುವುದು ಬಣ್ಣದ ಹಾಲು. ಎತ್ತಿ ಹೊಯ್ಯುವುದರಿಂದ ಗಾಳಿ ಸೇರಿ ಕಾಫಿ ಮೆತ್ತಗೆ ಬಾಯಿಗೆ ಬರುತ್ತದೆ, ಎರಡು ಮೂರು ಸಲ ಹೊಯ್ದರೆ ಸಾಕು. ಅದರಾಚೆ ಬಿಸಿ ಇಳಿಯುತ್ತದೆ ಅಷ್ಟೇ.

ಸಕ್ಕರೆಯೂ ಸ್ವಲ್ಪ ದಪ್ಪ ಕೊಡುತ್ತದೆ. ಬೆಲ್ಲದ ಕಾಫಿ ಕುಡಿಯುವವರು ಬೆಲ್ಲವನ್ನು ಡಿಕಾಕ್ಷನಿನಲ್ಲಿ ಮೊದಲೇ ಕರಗಿಸಿ ಸೋಸಿ, ಹಾಲು ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಸಂಭವ ಇದೆ, ಒಡೆಯದಿದ್ದರೂ ಕಾಫಿ ಸಣ್ಣಗೆ ತರಿತರಿ ಆಗುತ್ತದೆ.

ಫಿಲ್ಟರ್ ಇಲ್ಲದವರಿಗೆ

ಒಳಗಿನ ಜರಡಿಯನ್ನು ಕೆಳಕ್ಕೆ ಒತ್ತಿ ಸೋಸುವ ಜಾಡಿ ಫ್ರೆಂಚ್ ಪ್ರೆಸ್. ಅದರಲ್ಲಿ 1 ಲೀಟರಿಗೆ 60 ಗ್ರಾಂ ತರಿ ಪುಡಿ, ನಾಲ್ಕು ನಿಮಿಷ. ಹಾಲಿಲ್ಲದ ಕಾಫಿಗೆ ಬಾಡಿ ಬೇಕಾದವರಿಗೆ ನನ್ನ ಮೊದಲ ಆಯ್ಕೆ ಇದು. ಒತ್ತಿದ ಮೇಲೆ ಎರಡು ನಿಮಿಷ ಬಿಟ್ಟು ನಿಧಾನ ಬಗ್ಗಿಸಿ, ತಳದ ಎರಡು ಗುಟುಕು ಬಿಟ್ಟುಬಿಡಿ. ಕಾಗದದ ಫಿಲ್ಟರಿನಲ್ಲಿ ಎಷ್ಟು ಒದ್ದಾಡಿದರೂ ಆ ಪಸೆ ಬರುವುದಿಲ್ಲ, ಅದರ ಸೊಗಸು ಬೇರೆ. ಕೊಲೆಸ್ಟ್ರಾಲ್ ಇದ್ದವರು ಮಾತ್ರ ಕಾಗದವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು, ಕಾಫಿ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ.

ಜೆಂಬರದ, ಅಂದರೆ ಸಮಾರಂಭದ ಮನೆಯಲ್ಲಿ ಬಟ್ಟೆಯಲ್ಲಿ ಸೋಸುವ ಕಾಫಿ ಈ ಎರಡರ ನಡುವಿನದ್ದು. ಧೂಳು ನಿಲ್ಲುತ್ತದೆ, ಎಣ್ಣೆ ಸ್ವಲ್ಪ ಇಳಿಯುತ್ತದೆ. ಕುದಿಯುವ ನೀರಿಗೆ ಪುಡಿ ಹಾಕಿದ ತಕ್ಷಣ ಉರಿ ಆರಿಸಿ ಮುಚ್ಚಿ, ಐದು ನಿಮಿಷ ಕೂರಲು ಬಿಟ್ಟು ಸೋಸಿ. ಪುಡಿಯನ್ನು ನೀರಿನೊಂದಿಗೆ ಕುದಿಸಿದರೆ ಚೊಗರು ಖಂಡಿತ. ಬಟ್ಟೆ ಹಿಂಡಬೇಡಿ, ಸಾಬೂನು ಹಾಕಿ ತೊಳೆಯಬೇಡಿ.

ತಪ್ಪು ಹುಡುಕುವುದು

ತೆಳು ಮತ್ತು ಹುಳಿ ಅಂದರೆ ಪುಡಿಯಿಂದ ಬರಬೇಕಾದ್ದು ಬಂದಿಲ್ಲ. ಇನ್ನಷ್ಟು ನುಣ್ಣಗೆ ಬೀಸಿ, ನೀರು ಬಿಸಿ ಸಾಕಷ್ಟಿತ್ತೇ ನೋಡಿ. ತೆಳು ಮತ್ತು ಕಹಿ ಅಂದರೆ ಕಡಿಮೆ ಪುಡಿಯಲ್ಲಿ ಜಾಸ್ತಿ ನೀರು ಇಳಿಸಿದ್ದೀರಿ, ಅಥವಾ ನೀರು ಒಂದೇ ಕಡೆ ದಾರಿ ಮಾಡಿಕೊಂಡಿದೆ. ಭಾರ ಇದೆ, ಆದರೆ ಬಾಯಿ ಒಣಗುತ್ತದೆ ಅಂದರೆ ಎರಡನೇ ಡಿಕಾಕ್ಷನ್ ಸೇರಿಸಿದ್ದೀರಾ ಅಂತ ಮೊದಲು ನೋಡಿ, ಆಮೇಲೆ ಪುಡಿಯ ಧೂಳು, ಕೊನೆಗೆ ರೊಬಸ್ಟಾದ ಪ್ರಮಾಣ. ಮರಳು ಮರಳಾದರೆ ಒಂದು ಹಂತ ದಪ್ಪಗೆ ಬೀಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪುಡಿಯನ್ನೂ ಹಾಲನ್ನೂ ಒಟ್ಟಿಗೆ ಬದಲಿಸಿದರೆ ಸರಿ ಹೋದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಜಿಡ್ಡು ಇದೆ, ಆದರೆ ಹಳೇ ಎಣ್ಣೆಯ ವಾಸನೆ ಬರುತ್ತಿದೆ ಅಂದರೆ ಪುಡಿಯನ್ನು ಬೈಯಬೇಡಿ, ಫಿಲ್ಟರನ್ನು ಮೂಸಿ ನೋಡಿ. ದಿನಾ ಚರಟ ತೆಗೆದು ತೊಳೆದರೂ ಎಣ್ಣೆ ಲೋಹಕ್ಕೆ ಹಿಡಿದೇ ಇರುತ್ತದೆ. ವಾರಕ್ಕೊಮ್ಮೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ಮುಳುಗಿಸಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೂತುಗಳನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ, ಬಿಸಿಲಿದ್ದರೆ ಬಿಸಿಲಿಗೆ, ಮಳೆಗಾಲವಾದರೆ ಒಲೆಯ ಬದಿಗೆ ಕವುಚಿಟ್ಟು ಒಣಗಿಸಿ.